ಹಳ್ಳಿ ಕ್ಲಿನಿಕ್‌ನ ಇಂಟರ್ನೆಟ್ ಬಿಲ್‌ಗೆ 65 ಪರ್ಸೆಂಟ್ ಸಹಾಯ: ಸಹಿ ಹಾಕುವ ಮುಂಚೆ ತಿಳಿಯಬೇಕಾದದ್ದು

ಪ್ರಶ್ನೆ: ನಾವು ಅಮೆರಿಕದ ಕನ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿದ್ದೇವೆ. ನನ್ನ ಹೆಂಡತಿ ದಾವಣಗೆರೆಯಲ್ಲಿ ಎಂಬಿಬಿಎಸ್ ಓದಿ, ಇಲ್ಲಿ ವೀಸಾ ವಿನಾಯಿತಿ (ವೈದ್ಯರ ಕೊರತೆ ಇರುವ ಕಡೆ ಕೆಲಸ ಮಾಡುವ ವಿದೇಶಿ ಡಾಕ್ಟರಿಗೆ ಕೊಡುವಂಥದ್ದು) ಮೇಲೆ ಹಳ್ಳಿ ಕ್ಲಿನಿಕ್ ಒಂದರಲ್ಲಿ ಡಾಕ್ಟರ್ ಆಗಿದ್ದಾರೆ. ನಾನು ಅದೇ ಕ್ಲಿನಿಕ್‌ನ ಆಫೀಸ್ ನೋಡಿಕೊಳ್ಳುತ್ತೇನೆ. ಕ್ಲಿನಿಕ್ ನಡೆಸುವುದು ಒಂದು ನಾನ್-ಪ್ರಾಫಿಟ್ ಸಂಸ್ಥೆ. ಈಗಿನ ಇಂಟರ್ನೆಟ್ ಕರಾರು ಜೂನ್ 30ಕ್ಕೆ ಮುಗಿಯುತ್ತದೆ. ಹೊಸ ಕಂಪನಿಯೊಂದು ತಿಂಗಳಿಗೆ 1,500 ಡಾಲರ್‌ಗೆ ಫೈಬರ್ ಕೊಡುತ್ತೇವೆ, ಅದರಲ್ಲಿ 65 ಪರ್ಸೆಂಟ್ ಸರ್ಕಾರವೇ ಕಟ್ಟುತ್ತದೆ, ಫಾರಂಗಳನ್ನೆಲ್ಲ ನಾವೇ ತುಂಬಿಕೊಡುತ್ತೇವೆ, ಈ ವಾರವೇ ಮೂರು ವರ್ಷದ ಕರಾರಿಗೆ ಸಹಿ ಹಾಕಿ ಎನ್ನುತ್ತಿದೆ. ಇದು ನಿಜಾನಾ? ಪಕ್ಕದ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ನನ್ನ ಹೆಂಡತಿಯ ಗೆಳತಿಯ ಸ್ವಂತ ಕ್ಲಿನಿಕ್ ಇದೆ, ಅವರಿಗೂ ಸಿಗುತ್ತದಾ?

ಉತ್ತರ: 65 ಪರ್ಸೆಂಟ್ ಅನ್ನುವುದು ನಿಜ, ಅದು ರೂರಲ್ ಹೆಲ್ತ್ ಕೇರ್ ಪ್ರೋಗ್ರಾಂ ಅನ್ನುವ ಸರ್ಕಾರಿ ಯೋಜನೆಯ ಸಹಾಯ. ಆದರೆ ಈ ವಾರ ಸಹಿ ಹಾಕಬೇಡಿ. ಹಾಕಿದರೆ ಆ ಕರಾರಿನ ಮೇಲೆ ನಿಮಗೆ ಒಂದು ಡಾಲರೂ ಬರುವುದಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ನೋಡಿರುವ ತಿರಸ್ಕೃತ ಅರ್ಜಿಗಳಲ್ಲಿ ಬಹಳಷ್ಟು ಸೋತದ್ದು ಅರ್ಹತೆ ಇಲ್ಲದೆ ಅಲ್ಲ. ಕ್ಲಿನಿಕ್ ಸರಿಯಾದದ್ದೇ, ಊರೂ ಹಳ್ಳಿಯೇ, ಬಿಲ್ಲೂ ನ್ಯಾಯವಾದದ್ದೇ. ಮೊದಲು ಮಾಡಬೇಕಾದದ್ದನ್ನು ಆಮೇಲೆ ಮಾಡಿದ್ದಾರೆ, ಅಷ್ಟೇ ತಪ್ಪು. ಈ ಯೋಜನೆಯಲ್ಲಿ ಯಾವ ಕೆಲಸದ ನಂತರ ಯಾವ ಕೆಲಸ ಅನ್ನುವುದೇ ಮುಖ್ಯ, ಉಳಿದ ಎಲ್ಲ ತಪ್ಪುಗಳನ್ನೂ ಹೆಚ್ಚು ಕಡಿಮೆ ತಿದ್ದಿಕೊಳ್ಳಬಹುದು.

ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿದ್ದರೆ ನಿಯಮಗಳು ಯಾಕೆ ಇಷ್ಟು ಬಿಗಿ ಅನ್ನುವುದೂ ಅರ್ಥವಾಗುತ್ತದೆ. ನಿಮ್ಮ ಫೋನ್ ಬಿಲ್ ತೆಗೆದು ನೋಡಿ, ಕೊನೆಯಲ್ಲಿ ಯೂನಿವರ್ಸಲ್ ಸರ್ವಿಸ್ ಅಂತ ಒಂದು ಸಾಲು ಇರುತ್ತದೆ. ಫೋನ್ ಕಂಪನಿಗಳು ರಾಜ್ಯಗಳ ನಡುವಿನ ಮತ್ತು ಅಂತರರಾಷ್ಟ್ರೀಯ ಸೇವೆಯ ಆದಾಯದಿಂದ ಒಂದು ಪಾಲನ್ನು ಈ ನಿಧಿಗೆ ಕಟ್ಟಬೇಕು, ಕಟ್ಟಿದ್ದನ್ನು ಗ್ರಾಹಕರಿಂದ ವಸೂಲಿ ಮಾಡಿಕೊಳ್ಳುತ್ತವೆ. 2025ರಲ್ಲಿ ಆ ಪಾಲು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇತ್ತು. ಊರಲ್ಲಿ ನಮ್ಮ ಟೆಲಿಕಾಂ ಕಂಪನಿಗಳು ಆದಾಯದ 5 ಪರ್ಸೆಂಟ್ ಕಟ್ಟಿ, ಅದು ಮೊದಲು ಯುಎಸ್‌ಒ ಫಂಡ್ ಅಂತಿದ್ದು ಈಗ ಡಿಜಿಟಲ್ ಭಾರತ್ ನಿಧಿ ಆಗಿದೆಯಲ್ಲ, ಅದೇ ಜಾತಿಯ ವ್ಯವಸ್ಥೆ ಇದು. ಅಂದರೆ ಇದು ಯಾರೋ ದಾನಿಯ ದುಡ್ಡಲ್ಲ. ಫೋನ್ ಇರುವ ಪ್ರತಿಯೊಬ್ಬರ ಜೇಬಿನಿಂದ ಬಂದದ್ದು. ಹಾಗಾಗಿ ಪೈಸೆ ಪೈಸೆಗೂ ಲೆಕ್ಕ ಕೇಳುತ್ತಾರೆ, ಕೇಳಲೇಬೇಕು.

1996ರ ಟೆಲಿಕಮ್ಯುನಿಕೇಶನ್ಸ್ ಆ್ಯಕ್ಟ್ ಇದಕ್ಕೆ ಬುನಾದಿ. ನಿಯಮ ಮಾಡುವುದು ಎಫ್‌ಸಿಸಿ, ಅಂದರೆ ಅಮೆರಿಕದ ಕೇಂದ್ರ ಸಂಪರ್ಕ ಆಯೋಗ. ಅರ್ಜಿ ತೆಗೆದುಕೊಂಡು, ಪರಿಶೀಲಿಸಿ, ದುಡ್ಡು ಬಿಡುಗಡೆ ಮಾಡುವುದು ಯೂನಿವರ್ಸಲ್ ಸರ್ವಿಸ್ ಅಡ್ಮಿನಿಸ್ಟ್ರೇಟಿವ್ ಕಂಪನಿ, ಎಲ್ಲರೂ ಯೂಸ್ಯಾಕ್ ಅನ್ನುತ್ತಾರೆ. ಶಾಲೆ-ಲೈಬ್ರರಿಗಳಿಗೆ ಇ-ರೇಟ್ ಇದ್ದ ಹಾಗೆ, ಹಳ್ಳಿಯ ಆರೋಗ್ಯ ಸಂಸ್ಥೆಗಳಿಗೆ ರೂರಲ್ ಹೆಲ್ತ್ ಕೇರ್ ಪ್ರೋಗ್ರಾಂ. ಎರಡು ದಶಕ ಇದರ ಮೇಲ್ಮಿತಿ ವರ್ಷಕ್ಕೆ 40 ಕೋಟಿ ಡಾಲರ್‌ನಲ್ಲೇ ನಿಂತಿತ್ತು. ಬೇಡಿಕೆ ಮಿತಿ ದಾಟಿ, ಒಪ್ಪಿಗೆಯಾದ ಮೊತ್ತದಲ್ಲೂ ಕಡಿತ ಮಾಡಿ ಕೊಡುವ ಪರಿಸ್ಥಿತಿ ಬಂದ ಮೇಲೆ 2018ರಲ್ಲಿ ಅದನ್ನು 57.1 ಕೋಟಿಗೆ ಏರಿಸಿದರು. ಈಗ ಬೆಲೆ ಏರಿಕೆಗೆ ತಕ್ಕಂತೆ ವರ್ಷ ವರ್ಷ ಏರಿ 70 ಕೋಟಿ ದಾಟಿದೆ. ಈ ನಿಧಿಯೇ ಸಂವಿಧಾನಕ್ಕೆ ವಿರುದ್ಧ ಅಂತ ಒಂದು ಕೇಸ್ ನಡೆಯುತ್ತಿತ್ತು, ಅದರ ಭಯದಲ್ಲಿ ಕೆಲವರು ಅರ್ಜಿಯನ್ನೇ ಹಾಕದೆ ಕೂತಿದ್ದರು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ನಿಧಿಯನ್ನು ಎತ್ತಿಹಿಡಿಯಿತು. ಆ ವಿಷಯಕ್ಕೆ ಈಗ ತಲೆ ಕೆಡಿಸಿಕೊಳ್ಳಬೇಡಿ.

ಇದರಲ್ಲಿ ಎರಡು ದಾರಿ ಇವೆ. ಹಳೆಯದು ಟೆಲಿಕಾಂ ಪ್ರೋಗ್ರಾಂ. ಹಳ್ಳಿಯ ದರಕ್ಕೂ ಅದೇ ರಾಜ್ಯದ ಪಟ್ಟಣದ ದರಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟನ್ನು ನಿಧಿ ತುಂಬಿಕೊಡುತ್ತದೆ. ಅಲಾಸ್ಕಾದಂಥ ಕಡೆ, ರಸ್ತೆಯೇ ಇಲ್ಲದ ಊರುಗಳಿಗೆ ಸ್ಯಾಟಲೈಟ್ ಅಥವಾ ಮೈಕ್ರೋವೇವ್ ಮೂಲಕ ಸಂಪರ್ಕ ತರಬೇಕಾದಲ್ಲಿ, ಇದು ಜೀವದ ಪ್ರಶ್ನೆ. ದೊಡ್ಡ ದೊಡ್ಡ ಮೊತ್ತಗಳು ಹೋಗುವುದೂ ಅಲ್ಲಿಗೇ. ಎರಡನೆಯದು 2012ರಲ್ಲಿ ಮಂಜೂರಾದ ಹೆಲ್ತ್‌ಕೇರ್ ಕನೆಕ್ಟ್ ಫಂಡ್. ಇದರ ಲೆಕ್ಕ ಸುಲಭ: ಅರ್ಹ ಖರ್ಚಿನ 65 ಪರ್ಸೆಂಟ್ ನಿಧಿಯದ್ದು, 35 ನಿಮ್ಮದು. ನಿಮಗೆ ಬೇಕಿರುವುದು ಇಂಟರ್ನೆಟ್, ಆದ್ದರಿಂದ ನಿಮ್ಮ ದಾರಿ ಇದೇ. ನಿಮ್ಮ 1,500 ಡಾಲರ್‌ನಲ್ಲಿ 975 ಅವರು, 525 ನೀವು. ಮೂರು ವರ್ಷಕ್ಕೆ 54,000 ಡಾಲರ್ ಬಿಲ್‌ನಲ್ಲಿ 35,100 ಡಾಲರ್ ಉಳಿಯುತ್ತದೆ. ಸಣ್ಣ ಕ್ಲಿನಿಕ್‌ಗೆ ಇದು ಒಬ್ಬ ನರ್ಸ್‌ನ್ನು ಇಟ್ಟುಕೊಳ್ಳುವುದಾ ಬೇಡವಾ ಎನ್ನುವಂಥ ಮೊತ್ತ, ಸುಮ್ನೆ ಬಿಡುವಂಥದ್ದಲ್ಲ.

ಈಗ ಅರ್ಹತೆ. ಕಾನೂನಿನಲ್ಲೇ ಪಟ್ಟಿ ಇದೆ. ನಾನ್-ಪ್ರಾಫಿಟ್ ಆಸ್ಪತ್ರೆ, ರೂರಲ್ ಹೆಲ್ತ್ ಕ್ಲಿನಿಕ್, ಕಮ್ಯುನಿಟಿ ಹೆಲ್ತ್ ಸೆಂಟರ್, ಸ್ಥಳೀಯ ಆರೋಗ್ಯ ಇಲಾಖೆ, ಕಮ್ಯುನಿಟಿ ಮೆಂಟಲ್ ಹೆಲ್ತ್ ಸೆಂಟರ್, ವೈದ್ಯಕೀಯ ಶಿಕ್ಷಣ ಕೊಡುವ ಕಾಲೇಜು ಇವೆಲ್ಲ ಮೊದಲಿಂದಲೂ ಇವೆ. ರೋಗಿಗಳನ್ನು ಇಟ್ಟುಕೊಂಡು ನರ್ಸ್‌ಗಳ ಆರೈಕೆ ಕೊಡುವ ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿಗಳನ್ನು 2016ರ ತಿದ್ದುಪಡಿಯಲ್ಲಿ ಸೇರಿಸಿದರು. ಇವೆಲ್ಲಕ್ಕೂ ಒಂದೇ ಷರತ್ತು: ಸಂಸ್ಥೆ ಸರ್ಕಾರದ್ದಾಗಿರಬೇಕು, ಇಲ್ಲವೇ ನಾನ್-ಪ್ರಾಫಿಟ್ ಆಗಿರಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಮೆಡಿಕೇರ್‌ನವರು (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ರೂರಲ್ ಹೆಲ್ತ್ ಕ್ಲಿನಿಕ್ ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರಲ್ಲ, ಇನ್ನೇನು ಬೇಕು ಅಂದುಕೊಳ್ಳುತ್ತಾರೆ. ಆ ಸರ್ಟಿಫಿಕೇಟ್ 1977ರ ಬೇರೆಯೇ ಕಾನೂನಿನದು, ಅದನ್ನು ಲಾಭಕ್ಕಾಗಿ ನಡೆಸುವ ಖಾಸಗಿ ಕ್ಲಿನಿಕ್‌ಗೂ ಕೊಡುತ್ತಾರೆ. ಇಂಟರ್ನೆಟ್ ಸಹಾಯಕ್ಕೆ ಅದೊಂದೇ ಸಾಲದು. ನಿಮ್ಮದು ನಾನ್-ಪ್ರಾಫಿಟ್ ಅಂದಿದ್ದೀರಿ, ಒಳ್ಳೆಯದು. ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಟ್ಟ ತೆರಿಗೆ ವಿನಾಯಿತಿ ಪತ್ರದಲ್ಲಿರುವ ಹೆಸರೂ, ಕ್ಲಿನಿಕ್ ಬೋರ್ಡಿನ ಹೆಸರೂ, ಇಂಟರ್ನೆಟ್ ಬಿಲ್ಲಿನ ಹೆಸರೂ ಒಂದೇನಾ ಅಂತ ಇವತ್ತೇ ನೋಡಿ. ಬೇರೆ ಬೇರೆ ಇದ್ದರೆ ಅವುಗಳ ಸಂಬಂಧ ಏನು ಅಂತ ತೋರಿಸುವ ಒಂದು ಕಾಗದ ರೆಡಿ ಇಟ್ಟುಕೊಳ್ಳಿ. ಪರಿಶೀಲನೆ ಮಾಡುವವರು ಇದನ್ನು ಕೇಳಿಯೇ ಕೇಳುತ್ತಾರೆ.

ಹಳ್ಳಿ ಅಂದರೆ ಯಾವುದು ಅನ್ನುವುದನ್ನು ನಮ್ಮ ಕಣ್ಣಳತೆಯಲ್ಲಿ ತೀರ್ಮಾನಿಸುವ ಹಾಗಿಲ್ಲ. ಸುತ್ತ ಬರೀ ಗೋಧಿ ಹೊಲ ಇದ್ದರೂ ಜನಗಣತಿ ನಕ್ಷೆಯಲ್ಲಿ ಆ ಜಾಗ ಪಟ್ಟಣದ ಪಟ್ಟಿಗೆ ಸೇರಿರಬಹುದು. 25,000 ಜನಸಂಖ್ಯೆಯ ಗೆರೆ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಪಟ್ಟಣ ವಲಯಗಳಿಂದ ಪೂರ್ತಿ ಹೊರಗಿದ್ದರೆ ಅತಿ ಗ್ರಾಮೀಣ. ವಲಯದೊಳಗಿದ್ದೂ ಅಲ್ಲಿ 25,000 ಜನರಿರುವ ಊರೇ ಇಲ್ಲದಿದ್ದರೆ ಗ್ರಾಮೀಣ. ಅಂಥ ಊರು ಇರುವ ವಲಯದಲ್ಲಿದ್ದೂ ನಿಮ್ಮ ಸೆನ್ಸಸ್ ಟ್ರ್ಯಾಕ್ಟ್‌ಗೆ (ಜನಗಣತಿಗೆ ಗುರುತಿಸಿದ ಸಣ್ಣ ಪ್ರದೇಶ) ಆ ಊರು ತಾಗದಿದ್ದರೆ ಕಡಿಮೆ ಗ್ರಾಮೀಣ. ಯೂಸ್ಯಾಕ್ ಸೈಟ್‌ನಲ್ಲಿ ವಿಳಾಸ ಹಾಕಿ ನೋಡುವ ಟೂಲ್ ಇದೆ, ಕ್ಷಣದಲ್ಲಿ ಗೊತ್ತಾಗುತ್ತದೆ. ಈ ವಿಂಗಡಣೆ ಸುಮ್ನೆ ಹೆಸರಿಗಲ್ಲ. ದುಡ್ಡು ಕಡಿಮೆ ಬಿದ್ದ ವರ್ಷ ಮೊದಲು ಯಾರಿಗೆ ಅನ್ನುವುದನ್ನು ಇದರ ಮೇಲೆ, ಮತ್ತು ನಿಮ್ಮದು ವೈದ್ಯರ ಕೊರತೆ ಇರುವ ಪ್ರದೇಶ ಅಂತ ಸರ್ಕಾರ ಗುರುತಿಸಿದೆಯೇ ಅನ್ನುವುದರ ಮೇಲೆ ನಿರ್ಧರಿಸುತ್ತಾರೆ. ವಿನಾಯಿತಿ ವೀಸಾದ ಮೇಲೆ ಡಾಕ್ಟರ್ ಬಂದಿದ್ದಾರೆ ಅಂದರೆ ನಿಮ್ಮ ಜಾಗ ಅಂಥ ಯಾವುದೋ ಪಟ್ಟಿಯಲ್ಲಿ ಇರುವ ಸಾಧ್ಯತೆ ಜಾಸ್ತಿ, ಆದರೂ ಇವರು ನೋಡುವ ಪಟ್ಟಿ ಬೇರೆ ಇರಬಹುದು, ಬೇರೆಯಾಗಿಯೇ ನೋಡಿಕೊಳ್ಳಿ.

ಅರ್ಹತೆಯ ಅರ್ಜಿಗೆ ಫಾರಂ 460 ಅನ್ನುತ್ತಾರೆ. ಪ್ರತಿ ಕಟ್ಟಡಕ್ಕೂ ಒಂದೊಂದು. ಇದಕ್ಕೆ ಮೊದಲು ಎಫ್‌ಸಿಸಿಯ ನೋಂದಣಿ ಸಂಖ್ಯೆ ಬೇಕು, ಅದನ್ನು ಬಿಟ್ಟಿಯಾಗಿ ಆನ್‌ಲೈನ್‌ನಲ್ಲೇ ಪಡೆಯಬಹುದು. ನಿಮ್ಮ ಸಂಸ್ಥೆ ಎಫ್‌ಸಿಸಿಗೆ ಯಾವುದಾದರೂ ಹಳೇ ಬಾಕಿ ಉಳಿಸಿಕೊಂಡಿದ್ದರೆ ಅದು ತೀರುವವರೆಗೆ ಫೈಲ್ ಮುಂದೆ ಹೋಗುವುದಿಲ್ಲ, ಒಮ್ಮೆ ನೋಡಿಬಿಡಿ. 460 ಒಪ್ಪಿಗೆಯಾದರೆ ಪ್ರತಿ ವರ್ಷ ಮತ್ತೆ ಹಾಕಬೇಕಿಲ್ಲ, ಆದರೆ ವಿಳಾಸ ಬದಲಾಯಿತು, ಮಾಲೀಕತ್ವ ಬದಲಾಯಿತು ಅಂದರೆ 30 ದಿನದೊಳಗೆ ತಿಳಿಸಬೇಕು. ಈ ಫಾರಂಗೆ ವರ್ಷದ ಗಡುವಿನ ಗಡಿಬಿಡಿ ಇಲ್ಲ. ನೀವು ಈಗಲೇ ಹಾಕಿ. ಯಾರನ್ನೂ ಕಾಯಬೇಕಾಗಿಲ್ಲ.

ಸಂಪರ್ಕ ವ್ಯಕ್ತಿ ಅಂತ ಕೇಳುವ ಕಡೆ ಸ್ವಲ್ಪ ಯೋಚನೆ ಮಾಡಿ. ಸಣ್ಣ ಕ್ಲಿನಿಕ್‌ಗಳಲ್ಲಿ ಆಫೀಸ್ ನೋಡುವವರು ಕೆಲಸ ಬಿಟ್ಟು ಹೋಗುತ್ತಾರೆ, ಅವರ ಈಮೇಲ್ ಮುಚ್ಚಿಬಿಡುತ್ತಾರೆ. ಯೂಸ್ಯಾಕ್ ಏನಾದರೂ ವಿವರಣೆ ಕೇಳಿದರೆ ಉತ್ತರ ಕೊಡಲು 14 ದಿನ ಮಾತ್ರ ಸಮಯ. ಯಾರೂ ನೋಡದ ಇನ್‌ಬಾಕ್ಸ್‌ಗೆ ಆ ಪತ್ರ ಬಂದು, 14 ದಿನ ಕಳೆದು, ಅರ್ಜಿ ತಿರಸ್ಕಾರ ಆಗಿರುವ ಕ್ಲಿನಿಕ್‌ಗಳನ್ನು ಕಂಡಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಎರಡನೇ ವ್ಯಕ್ತಿಯ ಹೆಸರನ್ನೂ ಖಾತೆಗೆ ಸೇರಿಸಿ.

ಇನ್ನು ನಿಜವಾದ ವಿಷಯಕ್ಕೆ ಬರೋಣ. ಫಾರಂ 461. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇದು ಟೆಂಡರ್ ಕರೆಯುವುದು. ನಮಗೆ ಇಂಥ ಸೇವೆ ಬೇಕು, ಇಂಥ ವಿಳಾಸಕ್ಕೆ ಬೇಕು, ಇಷ್ಟು ವೇಗ ಬೇಕು ಅಂತ ಬರೆದು ಹಾಕಿದರೆ ಯೂಸ್ಯಾಕ್ ಅದನ್ನು ಎಲ್ಲರಿಗೂ ಕಾಣುವ ಹಾಗೆ ತನ್ನ ಸೈಟ್‌ನಲ್ಲಿ ಪ್ರಕಟಿಸುತ್ತದೆ. ಪ್ರಕಟವಾದ ಮೇಲೆ 28 ದಿನ ಕಾಯಬೇಕು. ಆ 28 ದಿನ ಮುಗಿಯುವವರೆಗೆ ಯಾರನ್ನೂ ಆರಿಸುವ ಹಾಗಿಲ್ಲ, ಯಾವ ಕರಾರಿಗೂ ಸಹಿ ಹಾಕುವ ಹಾಗಿಲ್ಲ, ಬಾಯಿಮಾತಿನಲ್ಲೂ ನಿಮಗೇ ಕೊಡುತ್ತೇವೆ ಅನ್ನುವ ಹಾಗಿಲ್ಲ. ಎಂದಿನಿಂದ ಸಹಿ ಹಾಕಬಹುದು ಅನ್ನುವ ತಾರೀಖನ್ನು ಅವರೇ ತಿಳಿಸುತ್ತಾರೆ. ಕರಾರಿನ ಮೇಲಿನ ತಾರೀಖು ಅದಕ್ಕಿಂತ ಒಂದು ದಿನ ಮುಂಚೆ ಇದ್ದರೂ ಅರ್ಜಿ ಹೋಯಿತು. ಆಮೇಲೆ ನಮಗೆ ಗೊತ್ತಿರಲಿಲ್ಲ, ಬೇರೆ ಯಾರೂ ಬಿಡ್ ಹಾಕುತ್ತಿರಲಿಲ್ಲ, ನಮ್ಮೂರಿಗೆ ಇರುವುದೇ ಒಂದು ಕಂಪನಿ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ.

ಒಂದೇ ಕಂಪನಿ ಇರುವ ಊರಿನವರು ಈ ಮಾತು ಹೇಳುವುದು ನನಗೆ ಅರ್ಥವಾಗುತ್ತದೆ. ಆದರೂ 461 ಹಾಕಿ ನೋಡಿ. ಹತ್ತಿರದ ಸಹಕಾರಿ ಟೆಲಿಫೋನ್ ಸಂಘವೋ, ಟವರ್‌ನಿಂದ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಯೋ ಬಿಡ್ ಹಾಕಬಹುದು. ಯಾರೂ ಹಾಕದಿದ್ದರೆ ಹಾಕಲಿಲ್ಲ ಅಂತಲೇ ಒಂದು ಟಿಪ್ಪಣಿ ಬರೆದು ತಾರೀಖು ಹಾಕಿ ಫೈಲ್‌ನಲ್ಲಿ ಇಡಿ. ಈಗಿನ ಕಂಪನಿಗೂ ಬಿಡ್ ಹಾಕಲು ಹೇಳಿ, ಅದಕ್ಕೆ ಅಡ್ಡಿ ಇಲ್ಲ.

ನಿಮಗೆ ಆಫರ್ ಕೊಟ್ಟ ಕಂಪನಿಯ ವಿಷಯ. ಅವರು ಬಿಡ್ ಹಾಕಬಹುದು, ಗೆಲ್ಲಲೂಬಹುದು. ಆದರೆ ನಿಮ್ಮ 461 ಅನ್ನು ಅವರು ತುಂಬಿಕೊಡುವ ಹಾಗಿಲ್ಲ. ಪರೀಕ್ಷೆ ಬರೆಯುವವರೇ ಪ್ರಶ್ನೆಪತ್ರಿಕೆ ತಯಾರಿಸಿದ ಹಾಗಾಗುತ್ತದೆ. ನಿಮ್ಮ ಅಗತ್ಯ ಏನು, ಯಾವ ಅಂಶಕ್ಕೆ ಎಷ್ಟು ಅಂಕ ಅನ್ನುವುದನ್ನು ಬಿಡ್ ಹಾಕುವವರ ಕೈಗೆ ಕೊಟ್ಟರೆ ಇಡೀ ಟೆಂಡರ್ ಕಲುಷಿತವಾಯಿತು ಅಂತಲೇ ಲೆಕ್ಕ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ದಂಡ ಬೀಳುವುದು ನಿಮಗೆ. ಇನ್ನೊಂದು, ಉಡುಗೊರೆ. ಕಂಪನಿಯವರು ಕಾಫಿ ಕುಡಿಸಿದರೆ ತಪ್ಪಿಲ್ಲ. ಆದರೆ 20 ಡಾಲರ್‌ಗಿಂತ ಜಾಸ್ತಿ ಬೆಲೆಯ ಯಾವುದನ್ನೂ ತೆಗೆದುಕೊಳ್ಳಬಾರದು, ಸಣ್ಣ ಸಣ್ಣದ್ದೆಲ್ಲ ಸೇರಿ ಒಂದು ಕಡೆಯಿಂದ ವರ್ಷಕ್ಕೆ 50 ಡಾಲರ್ ದಾಟಬಾರದು. ಹಬ್ಬಕ್ಕೆ ಅಂತ ಟ್ಯಾಬ್ಲೆಟ್, ಸ್ಟಾಫ್‌ಗೆಲ್ಲ ಊಟ ಇಂಥವನ್ನು ನಯವಾಗಿ ಬೇಡ ಅನ್ನಿ.

ಕನ್ಸಲ್ಟೆಂಟ್ ಇಟ್ಟುಕೊಳ್ಳಬಹುದಾ ಅಂತ ನೀವು ಕೇಳಿಲ್ಲ, ಆದರೆ ಇಷ್ಟರಲ್ಲೇ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಇಟ್ಟುಕೊಳ್ಳಬಹುದು. ಅವರ ಫೀಸ್ ಈ ನಿಧಿಯಿಂದ ಬರುವುದಿಲ್ಲ, ನೀವೇ ಕಟ್ಟಬೇಕು. ಅವರು ಸಹಾಯ ಮಾಡಿದ್ದಾರೆ ಅಂತ 461ರ ಜೊತೆ ಲಿಖಿತವಾಗಿ ಘೋಷಿಸಬೇಕು. ಅವರಿಗೂ ಯಾವ ಇಂಟರ್ನೆಟ್ ಕಂಪನಿಗೂ ದುಡ್ಡಿನ ಸಂಬಂಧ ಇರಬಾರದು, ಇದನ್ನು ನೇರವಾಗಿ ಕೇಳಿ, ಉತ್ತರವನ್ನು ಈಮೇಲ್‌ನಲ್ಲಿ ತೆಗೆದುಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಕಟ್ಟಡ, ಒಂದೇ ಲೈನ್ ಇರುವ ನಿಮ್ಮಂಥ ಕ್ಲಿನಿಕ್‌ಗೆ ಕನ್ಸಲ್ಟೆಂಟ್ ಬೇಕಾಗಿಲ್ಲ. ಯೂಸ್ಯಾಕ್‌ನವರು ಫೋನಿನಲ್ಲಿ ತಾಳ್ಮೆಯಿಂದ ಹೇಳಿಕೊಡುತ್ತಾರೆ, ತರಬೇತಿ ವಿಡಿಯೋಗಳೂ ಇವೆ. ಎಂಟು ಹತ್ತು ಕಡೆ ಶಾಖೆ ಇರುವ ಸಂಸ್ಥೆಯಾದರೆ ಮಾತು ಬೇರೆ.

461ರಲ್ಲಿ ಏನು ಬರೆಯಬೇಕು? ಒಂದು ಕಂಪನಿಯ ಹೆಸರನ್ನೋ ಅವರೊಬ್ಬರೇ ಮಾರುವ ಪ್ಯಾಕೇಜನ್ನೋ ಬರೆಯಬೇಡಿ. ವೇಗಕ್ಕೆ ಒಂದು ವ್ಯಾಪ್ತಿ ಕೊಡಿ, ಉದಾಹರಣೆಗೆ 200ರಿಂದ 1,000 ಎಂಬಿಪಿಎಸ್. ಅಪ್‌ಲೋಡ್ ವೇಗವನ್ನು ಮರೆಯಬೇಡಿ. ಮನೆಯ ಇಂಟರ್ನೆಟ್‌ನಲ್ಲಿ ಡೌನ್‌ಲೋಡ್ ಚೆನ್ನಾಗಿದ್ದರೆ ಸಾಕು, ಕ್ಲಿನಿಕ್‌ನಲ್ಲಿ ಹಾಗಲ್ಲ. ಸ್ಟ್ರೋಕ್ ಆದವರನ್ನು ದೂರದ ನ್ಯೂರಾಲಜಿಸ್ಟ್‌ಗೆ ವಿಡಿಯೋದಲ್ಲಿ ತೋರಿಸುವಾಗ, ನೂರಾರು ಎಂಬಿಯ ಸಿಟಿ ಸ್ಕ್ಯಾನನ್ನು ರೇಡಿಯಾಲಜಿಸ್ಟ್‌ಗೆ ಕಳಿಸುವಾಗ, ಹೋಗುವ ದಾರಿ ಇಕ್ಕಟ್ಟಾಗಿದ್ದರೆ ನಿಮಿಷಗಳು ಹಾಳಾಗುತ್ತವೆ. ಅಲ್ಲಿ ನಿಮಿಷಕ್ಕೆ ಬೆಲೆ ಎಷ್ಟು ಅಂತ ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಖ್ಯ ಲೈನ್ ಕಡಿದರೆ ಕೆಲಸ ನಿಲ್ಲದ ಹಾಗೆ ಬೇರೆ ಮಾರ್ಗದ ಎರಡನೇ ಲೈನ್‌ಗೂ ಬಿಡ್ ಕೇಳಿ. ಕರಾರಿನ ಅವಧಿ ಒಂದರಿಂದ ಮೂರು ವರ್ಷ ಅಂತ ಬರೆಯಿರಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಕ ಕೊಡುವ ಪಟ್ಟಿಯನ್ನು 461ರ ಜೊತೆಗೇ ಹಾಕಬೇಕು, ಬಿಡ್ ಬಂದ ಮೇಲೆ ತಯಾರಿಸುವ ಹಾಗಿಲ್ಲ. ಬೆಲೆ ಅದರಲ್ಲಿ ಮುಖ್ಯ ಅಂಶ ಆಗಿರಲೇಬೇಕು. ಬೇರೆ ಅಂಶಕ್ಕೆ ಬೆಲೆಯಷ್ಟೇ ಅಂಕ ಕೊಡಬಹುದು, ಬೆಲೆಗಿಂತ ಜಾಸ್ತಿ ಕೊಡುವ ಹಾಗಿಲ್ಲ. ನಾನಾದರೆ ಬೆಲೆಗೆ 35, ಲೈನ್‌ನ ನಂಬಿಕೆಗೆ 35, ಕೆಟ್ಟಾಗ ಎಷ್ಟು ಬೇಗ ಬಂದು ರಿಪೇರಿ ಮಾಡುತ್ತಾರೆ ಅನ್ನುವುದಕ್ಕೆ 20, ಯಾವಾಗ ಹಾಕಿಕೊಡುತ್ತಾರೆ ಅನ್ನುವುದಕ್ಕೆ 10 ಇಡುತ್ತೇನೆ. ಅತಿ ಅಗ್ಗದವರನ್ನೇ ಆರಿಸಬೇಕು ಅಂತ ನಿಯಮ ಹೇಳುವುದಿಲ್ಲ. ಗುಣಮಟ್ಟ, ನಂಬಿಕೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ನಿಮ್ಮ ಅಗತ್ಯಕ್ಕೆ ಹೊಂದುವವರಲ್ಲಿ ಕಡಿಮೆ ಖರ್ಚಿನವರನ್ನು ಆರಿಸಿ, ಯಾಕೆ ಆರಿಸಿದಿರಿ ಅಂತ ಕಾಗದದಲ್ಲಿ ತೋರಿಸಿ ಅನ್ನುತ್ತದೆ. ಬಂದ ಪ್ರತಿ ಬಿಡ್, ಪ್ರತಿ ಈಮೇಲ್, ತುಂಬಿದ ಅಂಕಪಟ್ಟಿ ಎಲ್ಲ ಇರಲಿ. ಒಬ್ಬರು ಪ್ರಶ್ನೆ ಕೇಳಿ ನೀವು ಉತ್ತರ ಕೊಟ್ಟರೆ ಅದೇ ಉತ್ತರ ಎಲ್ಲರಿಗೂ ಹೋಗಲಿ.

ಒಂದು ವಿನಾಯಿತಿ ಇದೆ. ರಿಯಾಯಿತಿ ಕಳೆಯುವ ಮುಂಚೆ ಒಂದು ವರ್ಷದ ಖರ್ಚು 10,000 ಡಾಲರ್ ಒಳಗೆ ಇದ್ದರೆ 461 ಬೇಕಾಗಿಲ್ಲ. ನಿಮ್ಮದು 18,000, ಆದ್ದರಿಂದ ನಿಮಗೆ ಬೇಕೇ ಬೇಕು. ಸರ್ಕಾರವೇ ಟೆಂಡರ್ ಕರೆದು ಮಾಡಿಟ್ಟ ಒಟ್ಟು ಕರಾರಿನಡಿ ಕೊಂಡರೂ ವಿನಾಯಿತಿ ಸಿಗಬಹುದು, ನಿಮ್ಮ ರಾಜ್ಯದಲ್ಲಿ ಅಂಥದ್ದು ಇದೆಯಾ ಅಂತ ವಿಚಾರಿಸಿ.

28 ದಿನ ಮುಗಿದು, ಕಂಪನಿ ಆರಿಸಿ, ಸಹಿ ಹಾಕಿದ ಮೇಲೆ ಫಾರಂ 462. ಇದೇ ದುಡ್ಡು ಕೇಳುವ ಅರ್ಜಿ. ಕರಾರು, ಬಿಡ್‌ಗಳು, ಅಂಕಪಟ್ಟಿ, ಖರ್ಚಿನ ವಿವರ ಎಲ್ಲ ಇದಕ್ಕೆ ಲಗತ್ತಾಗುತ್ತವೆ. ಇವರ ವರ್ಷ ಜುಲೈ 1ರಿಂದ ಜೂನ್ 30. 462 ಹಾಕುವ ಅವಧಿ ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ಡಿಸೆಂಬರ್ ಶುರುವಿನಲ್ಲಿ ತೆರೆದು ಏಪ್ರಿಲ್ ಶುರುವಿನಲ್ಲಿ ಮುಚ್ಚುತ್ತದೆ, ಆಯಾ ವರ್ಷದ ತಾರೀಖನ್ನು ಯೂಸ್ಯಾಕ್ ಪ್ರಕಟಣೆಯಲ್ಲೇ ನೋಡಿ. ಹಿಂದಕ್ಕೆ ಎಣಿಸಿ. ಏಪ್ರಿಲ್ ಶುರುವಿನಲ್ಲಿ ಮುಚ್ಚುವುದಾದರೆ, 28 ದಿನ ಕಳೆದು ನೋಡಿದಾಗ ಮಾರ್ಚ್ ಮೊದಲ ದಿನಗಳಲ್ಲಿ ನಿಮ್ಮ 461 ಪ್ರಕಟವಾಗಿರಲೇಬೇಕು. ಅದು ತೀರ ಕೊನೆಯ ಗೆರೆ. ಪ್ರಕಟಿಸುವ ಮುಂಚೆ ಪರಿಶೀಲನೆಗೂ ಅವರು ಸಮಯ ತೆಗೆದುಕೊಳ್ಳುತ್ತಾರೆ, 460 ಒಪ್ಪಿಗೆಯಾಗದೆ 461 ಮುಂದೆ ಹೋಗುವುದೂ ಇಲ್ಲ. ಹಾಗಾಗಿ ಹೊಸ ಕ್ಲಿನಿಕ್‌ನವರು ಡಿಸೆಂಬರ್ ಮುಗಿಯುವ ಮುಂಚೆಯೇ 461 ಹಾಕಿಬಿಡುವುದು ಒಳ್ಳೆಯದು. ಮುಂದಿನ ಜುಲೈನಲ್ಲಿ ಶುರುವಾಗುವ ವರ್ಷಕ್ಕೆ ಈ ಜುಲೈನಿಂದಲೇ ಹಾಕಬಹುದು.

ಮೂರು ವರ್ಷದ ಕರಾರು ಮಾಡಿಕೊಂಡರೆ ಎರಡು ಲಾಭ. ಮೂರು ವರ್ಷದ ದುಡ್ಡನ್ನೂ ಒಂದೇ 462ರಲ್ಲಿ ಕೇಳಬಹುದು. ಜೊತೆಗೆ ಕರಾರನ್ನು ಎವರ್‌ಗ್ರೀನ್ ಅಂತ ಯೂಸ್ಯಾಕ್ ಒಪ್ಪಿದರೆ ಅದರ ಅವಧಿ ಮುಗಿಯುವವರೆಗೆ ಮತ್ತೆ ಟೆಂಡರ್ ಕರೆಯಬೇಕಿಲ್ಲ. ಅದಕ್ಕೆ ಕರಾರು ಲಿಖಿತವಾಗಿರಬೇಕು, ಎರಡೂ ಕಡೆಯ ಸಹಿ ಮತ್ತು ತಾರೀಖು ಇರಬೇಕು, ಸೇವೆ, ಬೆಲೆ, ಅವಧಿ, ವಿಳಾಸ ಸ್ಪಷ್ಟವಾಗಿರಬೇಕು. ಮುಂದೆ ವೇಗ ಹೆಚ್ಚಿಸಿಕೊಳ್ಳಬಹುದು, ಅವಧಿ ಮುಂದುವರಿಸಬಹುದು ಅನ್ನುವ ಸಾಲುಗಳನ್ನು ಮೊದಲೇ ಸೇರಿಸಿ. ಆಮೇಲೆ ಸೇರಿಸಿದರೆ ಹೊಸ ಟೆಂಡರ್ ಕೇಳುತ್ತಾರೆ.

ಒಪ್ಪಿಗೆಯ ಪತ್ರ ಬರಲು ತಿಂಗಳುಗಳೇ ಬೇಕು. ಜುಲೈನಲ್ಲಿ ಸೇವೆ ಶುರುವಾಗಿ, ಪತ್ರ ಇನ್ನೂ ಬಂದಿಲ್ಲ ಅಂದರೆ ಪೂರ್ತಿ 1,500 ಕಟ್ಟುತ್ತಾ ಇರಬೇಕಾಗಬಹುದು. ಕೆಲವು ತಿಂಗಳು ಪೂರ್ತಿ ಬಿಲ್ ಕಟ್ಟುವಷ್ಟು ದುಡ್ಡು ಕ್ಲಿನಿಕ್ ಹತ್ತಿರ ಇರುವ ಹಾಗೆ ಬಜೆಟ್ ಮಾಡಿ. ಒಪ್ಪಿಗೆ ಬಂದ ಮೇಲೆ ಕಂಪನಿ ಅದನ್ನು ಹೇಗೆ ವಾಪಸ್ ಕೊಡುತ್ತದೆ, ಚೆಕ್ಕೋ ಮುಂದಿನ ಬಿಲ್‌ನಲ್ಲಿ ಕಡಿತವೋ ಅಂತ ಕರಾರಿನಲ್ಲೇ ಬರೆಸಿ.

ದುಡ್ಡು ಬಿಡಿಸಿಕೊಳ್ಳುವುದಕ್ಕೆ ಫಾರಂ 463. ನೀವು ನಿಮ್ಮ 35 ಪರ್ಸೆಂಟ್ ಕಟ್ಟಿದ್ದೀರಿ ಅಂತ ದೃಢೀಕರಿಸಿ ಕಳಿಸಬೇಕು, ಕಂಪನಿ ಅದನ್ನು ನೋಡಿ ದೃಢೀಕರಿಸಿ ಯೂಸ್ಯಾಕ್‌ಗೆ ಸಲ್ಲಿಸಬೇಕು. 65 ಪರ್ಸೆಂಟ್ ಹೋಗುವುದು ಕಂಪನಿಯ ಖಾತೆಗೆ, ನಿಮ್ಮ ಖಾತೆಗಲ್ಲ. ಆದ್ದರಿಂದ ಕಂಪನಿಯೂ ಯೂಸ್ಯಾಕ್‌ನಲ್ಲಿ ನೋಂದಾಯಿಸಿಕೊಂಡಿರಬೇಕು, ಬಿಡ್ ಹಂತದಲ್ಲೇ ಇದನ್ನು ಕೇಳಿಕೊಳ್ಳಿ. ಸೇವೆಯ ಅವಧಿ ಮುಗಿದ ಮೇಲೆ 120 ದಿನದೊಳಗೆ ಎಲ್ಲ 463 ಸಲ್ಲಿಕೆಯಾಗಬೇಕು. ಗಡುವು ದಾಟುವ ಮುಂಚೆ ಕೇಳಿದರೆ ಒಂದು ಸಲ ಇನ್ನೂ 120 ದಿನ ಕೊಡುತ್ತಾರೆ. ವರ್ಷವೆಲ್ಲ ಕಷ್ಟಪಟ್ಟು ಒಪ್ಪಿಗೆ ಪಡೆದು, ಕೊನೆಯ ಈ ಫಾರಂ ಹಾಕದೆ ದುಡ್ಡು ಬಿಟ್ಟುಬಿಡುವವರು ಇದ್ದಾರೆ. ಮೂರು ತಿಂಗಳಿಗೊಮ್ಮೆ ಹಾಕುವ ಅಭ್ಯಾಸ ಇಟ್ಟುಕೊಳ್ಳಿ.

ನಿಮ್ಮ 35 ಪರ್ಸೆಂಟನ್ನು ಬೇರೆ ಅನುದಾನದಿಂದ ತುಂಬಬಹುದು. ಆದರೆ ಕಂಪನಿಯವರು ಅದನ್ನೂ ಬಿಟ್ಟುಕೊಡುತ್ತೇವೆ, ಪೂರ್ತಿ ಫ್ರೀ ಅಂದರೆ ಒಪ್ಪಬೇಡಿ. ಅದು ನೇರವಾಗಿ ನಿಯಮಕ್ಕೆ ವಿರುದ್ಧ. ಸುಳ್ಳು ದೃಢೀಕರಣಕ್ಕೆ ಸಹಿ ಹಾಕಿದರೆ ದುಡ್ಡು ವಾಪಸ್ ಕಟ್ಟುವುದಷ್ಟೇ ಅಲ್ಲ, ಸರ್ಕಾರದಿಂದ ಸುಳ್ಳು ಹೇಳಿ ದುಡ್ಡು ಪಡೆಯುವುದರ ವಿರುದ್ಧ ಇರುವ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ ಕೆಳಗೆ ಕೇಸೂ ಬೀಳಬಹುದು.

ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ ಅನ್ನುವುದನ್ನು ಬೇಗ ಹೇಳುತ್ತೇನೆ. ತಿಂಗಳ ಇಂಟರ್ನೆಟ್ ಬಿಲ್‌ಗೆ, ಲೈನ್ ಹಾಕುವ ಖರ್ಚಿನಲ್ಲಿ ಒಂದು ಜಾಗಕ್ಕೆ 5,000 ಡಾಲರ್‌ವರೆಗೆ, ಆ ಲೈನ್ ಕೆಲಸ ಮಾಡಲು ಬೇಕಾದ ರೂಟರ್‌ನಂಥ ಸಲಕರಣೆಗೆ ಸಿಗುತ್ತದೆ. ಕಂಪ್ಯೂಟರ್, ಟೆಲಿಮೆಡಿಸಿನ್ ಸಾಫ್ಟ್‌ವೇರ್, ರೋಗಿಗಳ ದಾಖಲೆಯ ಸಾಫ್ಟ್‌ವೇರ್, ವೈದ್ಯಕೀಯ ಉಪಕರಣ, ಸ್ಟಾಫ್ ಸಂಬಳ, ಕಟ್ಟಡದೊಳಗಿನ ವೈರಿಂಗ್ ಇವುಗಳಿಗೆ ಇಲ್ಲ. ಚೀನಾದ ಹುವಾವೇ, ಜಡ್‌ಟಿಇ ಕಂಪನಿಗಳ ಸಲಕರಣೆಗೆ ಈ ದುಡ್ಡು ಬಳಸುವುದನ್ನು 2020ರಿಂದ ನಿಷೇಧಿಸಿದ್ದಾರೆ. 2020ರ ಕೋವಿಡ್ ಟೆಲಿಹೆಲ್ತ್ ಯೋಜನೆ, 85 ಪರ್ಸೆಂಟ್ ಕೊಡುತ್ತಿದ್ದ ಕನೆಕ್ಟೆಡ್ ಕೇರ್ ಪೈಲಟ್ ಬಗ್ಗೆ ಹಳೇ ಲೇಖನಗಳು ಇನ್ನೂ ಓಡಾಡುತ್ತಿವೆ, ಅವುಗಳಿಗೆ ಅರ್ಜಿ ಹಾಕುವ ಅವಧಿ ಮುಗಿದು ಬಹಳ ಕಾಲವಾಯಿತು.

ಎಲ್ಲ ಕಾಗದಗಳನ್ನು ಕನಿಷ್ಠ ಐದು ವರ್ಷ ಇಟ್ಟುಕೊಳ್ಳಿ, ಆಡಿಟ್ ಬರುತ್ತದೆ. ತಿರಸ್ಕಾರವಾದರೆ 60 ದಿನದೊಳಗೆ ಯೂಸ್ಯಾಕ್‌ಗೆ ಮೇಲ್ಮನವಿ ಹಾಕಬಹುದು, ಅಲ್ಲೂ ಆಗದಿದ್ದರೆ ಎಫ್‌ಸಿಸಿಗೆ. ಕಾಗದ ಸರಿಯಿದ್ದು ಅವರ ಕಡೆ ತಪ್ಪಾಗಿದ್ದರೆ ತಿದ್ದುತ್ತಾರೆ.

ಈಗ ನಿಮ್ಮ ಮನೆಯವರ ಗೆಳತಿಯ ಕ್ಲಿನಿಕ್. ಸ್ವಂತದ್ದು, ಲಾಭಕ್ಕಾಗಿ ನಡೆಸುವುದು ಅಂದರೆ ಅವರಿಗೆ 65 ಪರ್ಸೆಂಟ್ ಸಿಗುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಇಡೀ ಕೌಂಟಿಗೆ ಅವರೊಬ್ಬರೇ ಡಾಕ್ಟರ್ ಆಗಿದ್ದರೂ ನಿಯಮ ಇದೇ. ಲಾಭದ ಆಸ್ಪತ್ರೆಯಾಗಿದ್ದರೆ ಅದರ ಎಮರ್ಜೆನ್ಸಿ ವಿಭಾಗದ ಮಟ್ಟಿಗೆ ಅರ್ಹತೆ ಸಿಗುವ ದಾರಿ ಉಂಟು, ಬರೀ ಕ್ಲಿನಿಕ್‌ಗೆ ಇಲ್ಲ. ಆದರೆ ಆ ಗೆಳತಿ ಒಂದು ಕನ್ಸಾರ್ಟಿಯಂ ಸೇರಬಹುದು. ಕನ್ಸಾರ್ಟಿಯಂ ಅಂದರೆ ಹಲವು ಸಂಸ್ಥೆಗಳು ಒಟ್ಟಾಗಿ ಟೆಂಡರ್ ಕರೆಯುವುದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗಗಳು ಹಳ್ಳಿಯಲ್ಲಿರಬೇಕು. ಅರ್ಹತೆ ಇಲ್ಲದವರು ಸೇರಿದರೆ ತಮ್ಮ ಪಾಲಿನ ಖರ್ಚನ್ನು ಪೂರ್ತಿ ತಾವೇ ಕಟ್ಟಬೇಕು, ಆದರೆ ಒಟ್ಟಿಗೆ ಕೊಂಡದ್ದರಿಂದ ಬರುವ ಕಡಿಮೆ ದರ ಅವರಿಗೂ ಸಿಗುತ್ತದೆ. ಬಹಳ ರಾಜ್ಯಗಳಲ್ಲಿ ಆಸ್ಪತ್ರೆಗಳ, ವಿಶ್ವವಿದ್ಯಾಲಯಗಳ ಇಂಥ ಕನ್ಸಾರ್ಟಿಯಂಗಳು ಈಗಾಗಲೇ ನಡೆಯುತ್ತಿವೆ. ಅವರ ಹತ್ತಿರದ ದೊಡ್ಡ ಆಸ್ಪತ್ರೆಯ ಐಟಿ ವಿಭಾಗಕ್ಕೆ ಫೋನ್ ಮಾಡಿ, ನೀವು ಯಾವ ಕನ್ಸಾರ್ಟಿಯಂನಲ್ಲಿ ಇದ್ದೀರಿ, ಹೊಸಬರನ್ನು ಸೇರಿಸಿಕೊಳ್ಳುತ್ತೀರಾ ಅಂತ ಕೇಳಲಿ. ನೀವೂ ಅದೇ ಪ್ರಶ್ನೆ ಕೇಳಿ ನೋಡಿ. ಆ ಕನ್ಸಾರ್ಟಿಯಂನ ಟೆಂಡರ್ ಆಗಲೇ ಮುಗಿದಿದ್ದು, ಆ ಕರಾರಿನಲ್ಲಿ ಹೊಸ ಜಾಗ ಸೇರಿಸಲು ಅವಕಾಶ ಇಟ್ಟುಕೊಂಡಿದ್ದರೆ, ನಿಮ್ಮ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.